ಚನ್ನಬಸವ್ವ ಡಬ್ಬಿಗೆ ಹಾಕಿದ ಹುಳುಗಳು

ಅಮರಗೋಳದ ಮಾರುಕಟ್ಟೆಗೆ ಅರ್ಧ ಗಂಟೆ ದಾರಿಯ ಹಳ್ಳಿಯೊಂದರಲ್ಲಿ ಮಹಾಂತಯ್ಯನವರ ಎರಡೆಕರೆ ಆಲೂಗಡ್ಡೆ ಹೊಲವಿದೆ. ಈ ಸಲ ಬಿತ್ತಿ ನಲವತ್ತು ದಿನ ಆಗುವಷ್ಟರಲ್ಲಿ ಎಲೆಗಳು ಮುದುಡತೊಡಗಿದವು. "ಗಿಡಕ್ಕ ಹಸಿವ್ಯಾಗೇತಿ" ಎಂದು ಮಹಾಂತಯ್ಯ ಯೂರಿಯಾ ಹಾಕಿದರು. ಎಂಟು ದಿನ ಬಿಟ್ಟು ನೋಡಿದರೆ ಮುದುಡಿದ ಗಿಡಗಳು ಇನ್ನಷ್ಟು ಹೆಚ್ಚಾಗಿದ್ದವು.

ಅವರ ಚಿಂತೆ ಬರೀ ಈ ಬೆಳೆಯದ್ದಲ್ಲ. ಮಗಳು ಸೌಮ್ಯಾ ಗಂಡನ ಊರಿನಲ್ಲಿ ಬರುವ ವರ್ಷ ಮೊದಲ ಸಲ ಆಲೂಗಡ್ಡೆ ಹಾಕುವವಳಿದ್ದಳು. "ಬಿತ್ತನಿ ಗಡ್ಡಿ ಹೊರಗ ತರಬ್ಯಾಡ್ರಿ, ತವರಮನಿದ ಕೊಡ್ತೇನಿ" ಎಂದು ಮಹಾಂತಯ್ಯ ಬೀಗರ ಮುಂದೆ ಎದೆ ಉಬ್ಬಿಸಿ ಮಾತು ಕೊಟ್ಟಿದ್ದರು. ಹೊಲವೇ ಹೀಗಾದರೆ ಬೀಗರಿಗೆ ಮುಖ ತೋರಿಸುವುದು ಹೇಗೆ?

ಹೆಂಡತಿ ಚನ್ನಬಸವ್ವ ಮಾತ್ರ ತಪ್ಪಿತಸ್ಥರನ್ನು ಆಗಲೇ ಹಿಡಿದಿದ್ದಳು. ಎಲೆಗಳ ಮೇಲೆ ಓಡಾಡುವ, ಕಪ್ಪು ಚುಕ್ಕೆಯ ಕೆಂಪು ಹುಳುಗಳು! ಆದರೆ ಅಂದು ಶ್ರಾವಣ ಸೋಮವಾರ. ಲಿಂಗಪೂಜೆ ಮಾಡಿ ಬಂದ ಕೈಯಿಂದ ಜೀವ ತೆಗೆಯುವುದುಂಟೇ? ಅದಕ್ಕೆ ಹುಳುಗಳನ್ನು ಒಂದೊಂದಾಗಿ ಆರಿಸಿ, ಮುಚ್ಚಳಕ್ಕೆ ತೂತು ಹಾಕಿದ ಪುಟಾಣಿ ಡಬ್ಬಿಗೆ ತುಂಬಿ, ಹಳ್ಳದ ಆಚೆ ಬಿಟ್ಟು ಬರಲು ಹೊರಟಳು. ಬದುವಿನ ಮೇಲೆ ಎದುರಾದವಳು ಸುಜಾತಾ. ಊರಿನ ಸ್ವಸಹಾಯ ಸಂಘದ ಹುಡುಗಿ, ತರಬೇತಿ ಪಡೆದು ರೈತರಿಗೆ ಬೆಳೆಯ ಸಲಹೆ ಕೊಡುವ ಕೃಷಿ ಸಖಿ.

"ಕಾಕೂ, ಡಬ್ಬ್ಯಾಗೇನ ಒಯ್ಯಾಕತ್ತೀರಿ? ಪ್ರಸಾದೇನು?"

"ಪ್ರಸಾದ ಅಲ್ಲವಾ, ಕಳ್ಳರು. ನಮ್ಮ ಬಟಾಟಿ ತಿನ್ನೋ ಹುಳ. ಹೋದ ಎರಡೂ ಸೋಮವಾರ ಹಿಂಗ ಹಿಡದು ಹಳ್ಳದಾಚೆ ಬಿಟ್ಟ ಬಂದೇನಿ."

ಸುಜಾತಾ ಮುಚ್ಚಳ ತೆಗೆದು ನೋಡಿದಳು. ನಗು ತಡೆಯಲಾಗದೆ ಬದುವಿನ ಮೇಲೆ ಕೂತೇಬಿಟ್ಟಳು.

"ಕಾಕೂ, ಕಳ್ಳರನ್ನ ಬಿಟ್ಟು ಪೊಲೀಸರನ್ನ ಗಡೀಪಾರು ಮಾಡಾಕತ್ತೀರಲ್ಲ. ಇದಕ್ಕ ಗುಲಗಂಜಿ ಹುಳ ಅಂತಾರ. ಇದು ಎಲಿ ತಿನ್ನೂದಿಲ್ಲ. ಎಲಿ ರಸ ಹೀರೋ ಹೇನು ತಿಂತೈತಿ."

ಹೊಲದಲ್ಲಿದ್ದ ಮಹಾಂತಯ್ಯ ಮಾತು ಕೇಳಿ ಹತ್ತಿರ ಬಂದರು. "ಮೂವತ್ತ ವರ್ಷದಿಂದ ಬಟಾಟಿ ಬೆಳ್ಯಾಕತ್ತೇನಿ ತಂಗಿ. ಈ ಹುಳ ಕಣ್ಣಿಗೆ ಕಾಣತೈತಿ. ನೀ ಹೇಳೋ ಹೇನು ಎಲ್ಲೈತಿ, ತೋರಸು ನೋಡೋಣು."

"ನೀವು ಎಲಿ ಮ್ಯಾಲಷ್ಟ ನೋಡೀರಿ ಕಾಕಾರ. ತಿರುವಿ ನೋಡ್ರಿ."

ತಿರುವಿದರು. ಎಲೆಯ ಕೆಳಗೆ, ಎಳ್ಳಿಗಿಂತ ಸಣ್ಣ ಹಸಿರು ಹೇನುಗಳು ಒತ್ತೊತ್ತಾಗಿ ಕೂತಿದ್ದವು. ಬೆರಳು ಅಂಟಂಟಾಯಿತು.

"ಅಯ್ಯ, ಇರಿವಿ ಯಾಕ ಗಿಡಾ ಹತ್ತಾಕತ್ತಾವ ಅಂತ ನಾನೂ ನೋಡಾಕತ್ತಿದ್ದೆ" ಎಂದಳು ಚನ್ನಬಸವ್ವ.

"ಹೇನು ಬಿಡೋ ಅಂಟು ಸಿಹಿ ಇರ್ತೈತ್ರಿ, ಅದಕ್ಕ ಇರಿವಿ ಬರ್ತಾವ. ಆಮ್ಯಾಲ ಅದರ ಮ್ಯಾಲ ಕರಿ ಬೂಷ್ಟು ಹಿಡೀತೈತಿ." ಸುಜಾತಾ ಇನ್ನೊಂದು ಗಿಡವನ್ನು ಮೆಲ್ಲಗೆ ಅಲುಗಿಸಿದಳು. ಬಿಳಿ ನೊಣಗಳು ಪುರ್ರೆಂದು ಎದ್ದವು. ಮತ್ತೊಂದರ ಎಲೆಯ ಅಂಚು ಸುಟ್ಟಂತಾಗಿತ್ತು. "ಇದು ಜಿಗಿಹುಳದ ಕೆಲಸ. ಮುಟ್ಟಿದ್ರ ಅಡ್ಡಡ್ಡ ಜಿಗೀತಾವ. ಯೂರಿಯಾ ಹೆಚ್ಚಾದ್ರ ಎಲಿ ಮೆತ್ತಗಾಗಿ ಇವಕ್ಕೆಲ್ಲಾ ಹಬ್ಬ."

ಮಹಾಂತಯ್ಯ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಕೆಂಪು ಹುಳ ಇವನ್ನ ತಿಂತೈತಿ ಅಂತ ಏನ ಗ್ಯಾರಂಟಿ?" ಎಂದರು.

ಸುಜಾತಾ ವಾದಕ್ಕೆ ನಿಲ್ಲಲಿಲ್ಲ. ಹೇನಿದ್ದ ಎಲೆಯನ್ನೂ ನಾಲ್ಕು ಕೆಂಪು ಹುಳುಗಳನ್ನೂ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅವರ ಮನೆಯ ಕಟ್ಟೆಯ ಮೇಲಿಟ್ಟಳು. ಚಹಾ ಬಂತು. ಮಹಾಂತಯ್ಯ ಚಷ್ಮಾ ಏರಿಸಿ ಬಾಟಲಿಗೆ ಮೂಗು ಹಚ್ಚಿ ಕೂತರು. ಚಹಾ ಆರಿಹೋಯಿತು, ಅವರು ಏಳಲಿಲ್ಲ.

"ಸೌಮ್ಯಾನ ಅವ್ವಾ, ಲಗೂ ಬಾ ಇಲ್ಲೆ. ಖರೇನ ತಿನ್ನಾಕತ್ತೈತಿ. ಒಂದಾದ ಮ್ಯಾಲೊಂದು." ಅವರ ನಗು ಓಣಿಗೆಲ್ಲ ಕೇಳಿಸಿತು.

ಆಗ ಸುಜಾತಾ ಮುಖ್ಯವಾದ ಮಾತು ಹೇಳಿದಳು. "ಕಾಕಾರ, ಹೇನು ಬರೇ ರಸ ಕುಡಿಯೂದಿಲ್ಲ. ಒಂದ ಗಿಡದ ನಂಜುರೋಗ ಇನ್ನೊಂದಕ್ಕ ದಾಟಸ್ತೈತಿ. ಎಲಿ ಬಿರುಸಾಗಿ ಸುರುಳಿ ಸುತ್ತಿದ ಗಿಡ ಕಂಡಾವಲ್ಲ, ಅದರ ಗಡ್ಡಿ ಬಿತ್ತಿದ್ರ ರೋಗಾನೂ ಜೋಡಿ ಹೋಗತೈತಿ. ಈ ಹೊಲದ ಗಡ್ಡಿ ತಿನ್ನಾಕ, ಮಾರಾಕ ಅಡ್ಡಿಯಿಲ್ಲ. ಬಿತ್ತನಿಗೆ ಬ್ಯಾಡ್ರಿ."

ಮಹಾಂತಯ್ಯನವರ ನಗು ನಿಂತಿತು. "ಬೀಗರ ಮುಂದ ಮಾತ ಕೊಟ್ಟೇನಲ್ಲವಾ" ಎಂದರು.

"ಮಾತು ಉಳಸಾಕ ಹೋಗಿ ಮಗಳ ಹೊಲಾ ಕೆಡಸ್ತೀರೇನು?" ಚನ್ನಬಸವ್ವ ಒಂದೇ ಮಾತಿಗೆ ಮುಗಿಸಿದಳು.

ಸಂಜೆ ಇಬ್ಬರೂ ಡಬ್ಬಿಯ ಹುಳುಗಳನ್ನು ಹೊಲಕ್ಕೇ ಬಿಟ್ಟರು. "ಹೊಟ್ಟಿ ತುಂಬ ಉಣ್ರಿ, ಸಿಟ್ಟ ಮಾಡಬ್ಯಾಡ್ರಿ" ಎಂದು ಮಹಾಂತಯ್ಯ ಬೀಗರಿಗೆ ಹೇಳುವಂತೆ ಹೇಳಿದರು. ಮರುದಿನ ಸುರುಳಿ ಸುತ್ತಿದ ಗಿಡಗಳನ್ನು ಕಿತ್ತು ಹೂತರು. ಸುಜಾತಾ ಹೇಳಿದಂತೆ, ಹಾರುವ ಕೀಟ ಅಂಟಿಕೊಳ್ಳುವ ಹಳದಿ ಅಂಟುಹಾಳೆ ಕಟ್ಟಿದರು, ಸೋಪು ಕಲಸಿದ ನೀರಿಗೆ ಬೇವಿನ ಎಣ್ಣೆ ಬೆರೆಸಿ ಸಂಜೆಯ ತಂಪಿನಲ್ಲಿ ಸಿಂಪಡಿಸಿದರು. ಯೂರಿಯಾ ಚೀಲ ಮೂಲೆ ಸೇರಿತು. ಹದಿನೈದು ದಿನಕ್ಕೆ ಹೊಸ ಎಲೆಗಳು ಅಗಲವಾಗಿ ಬಿಚ್ಚಿಕೊಂಡಾಗ ಅವರಿಗೆ ಮನಸ್ಸಿನಲ್ಲಿ ಹಿಡಿಸಲಾರದಷ್ಟು ಸಂತೋಷವಾಯಿತು.

ಅಂದೇ ಮಹಾಂತಯ್ಯ ಮಗಳಿಗೆ ಫೋನ್ ಮಾಡಿದರು. "ಯವ್ವಾ, ನಮ್ಮ ಗಡ್ಡಿ ಕೊಡೂದಿಲ್ಲ, ರೋಗದ ಭಯ ಐತಿ. ಪ್ರಮಾಣಿತ ಬಿತ್ತನಿ ತರೋಣು, ನಾನ ಸಂಗಾಟ ಬರ್ತೇನಿ."

ಎಲೆ ತಿರುವಿ ಹೇನು ಕಂಡ ಕತೆಯನ್ನೂ ಹೇಳಿದರು. ಬೀಗರು ಬೇಸರ ಮಾಡಿಕೊಂಡರೇ? ಫೋನ್ ಕಸಿದುಕೊಂಡು, "ನಮ್ಮ ಮೆಣಸಿನಕಾಯಿ ಗಿಡಾನೂ ಮುದುಡ್ಯಾವ, ಮದ್ಲ ಹೊಲಕ್ಕ ಬಂದು ಎಲಿ ತಿರುವಿ ನೋಡ್ರಿ, ಹೋಳಗಿ ಮಾಡಸ್ತೇವಿ" ಎಂದರು. ಮಹಾಂತಯ್ಯ ಮರುದಿನವೇ ಬಸ್ಸು ಹತ್ತಿದರು.

ರೈತ ಬಂಧುಗಳೇ, ಅಕ್ಕ-ತಂಗಿಯರೇ, ಆಲೂಗಡ್ಡೆ ಎಲೆ ಮುದುಡಿತೆಂದು ಕೂಡಲೇ ಗೊಬ್ಬರಕ್ಕೋ ಔಷಧಿಗೋ ಕೈ ಹಾಕಬೇಡಿ. ವಾರಕ್ಕೆ ಎರಡು ಸಲ ಹೊಲದ ಅಲ್ಲಲ್ಲಿ ಎಲೆ ತಿರುವಿ ನೋಡಿ. ಅಂಟು, ಇರುವೆ, ಸುಟ್ಟ ಅಂಚು, ಹಾರುವ ಬಿಳಿ ನೊಣ ಕಂಡರೆ ರಸ ಹೀರುವ ಕೀಟ ಬಂದಿದೆ ಎಂದೇ ತಿಳಿಯಿರಿ. ಕೆಂಪು ಗುಲಗಂಜಿ ಹುಳುವನ್ನು ಉಳಿಸಿ. ಹತೋಟಿಗೆ ಬಾರದಿದ್ದರೆ ಒಂದು ಎಲೆ ಕಿತ್ತುಕೊಂಡು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ. ರೋಗದ ಹೊಲದ ಗಡ್ಡೆಯನ್ನು ಬಿತ್ತನೆಗೆ ಮಾತ್ರ ಇಡಬೇಡಿ, ಎಷ್ಟೇ ಪ್ರೀತಿಯವರು ಕೇಳಿದರೂ ಕೊಡಬೇಡಿ.