ಕುರಿ ದಾಟುವ ಸೇತುವೆ

ವಿಮಾನ ಹತ್ತುವಾಗ ಹೆದರಿದ್ದು ದೊಡ್ಡಕ್ಕನಲ್ಲ, ಅವಳ ಗಂಡ ಚಿಕ್ಕೀರಪ್ಪ. ಪರಶುರಾಂಪುರದ ಆಚೆಯ ಹಟ್ಟಿಯಲ್ಲಿ ಹುಟ್ಟಿ, ಕುರಿ ಕಾಯ್ದು, ಕಂಬಳಿ ನೇಯ್ದು, ಚಳ್ಳಕೆರೆ ಸಂತೆಗಿಂತ ದೂರದ ಊರು ತನಗೆ ಬೇಕೆಂದು ಎಂದೂ ಅನಿಸದ ಮನುಷ್ಯ ಅವನು. ತೊಂಬತ್ತೇಳನೇ ಇಸವಿಯಲ್ಲಿ ಉಣ್ಣೆ ಸೊಸೈಟಿಯ ನಾಗೇಂದ್ರಪ್ಪ ಮನೆಗೆ ಬಂದು, ಫ್ರಾನ್ಸ್ ದೇಶದ ಬೆಟ್ಟಸೀಮೆಯ ಒಂದು ಹಳ್ಳಿಯಲ್ಲಿ ಕುರಿಗಾರರ ಮೇಳ ನಡೆಯುತ್ತದೆ, ಕಂಬಳಿ ನೇಯುವುದನ್ನು ತೋರಿಸಲು ನಿಮ್ಮನ್ನು ಕರೆದಿದ್ದಾರೆ ಎಂದಾಗ ಅವನು ನಂಬಲೇ ಇಲ್ಲ.

“ಅವರ ಊರಾಗೆ ನೇಯೋರು ಇಲ್ವಾ? ನಾನ್ಯಾಕೆ?” ಎಂದ.

“ಕರೆದಾರೆ, ಹೋಗೋಣ. ನೂಲು ತೆಗೆಯೋಳು ನಾನು. ನಾನಂತೂ ಬರ್ತೀನಿ ಅಂತ ಹೇಳ್ಬಿಡಿ ನಾಗೇಂದ್ರಪ್ನೋರೆ,” ಎಂದಳು ದೊಡ್ಡಕ್ಕ. ಹೆಂಡತಿಯೊಬ್ಬಳನ್ನೇ ಕಳಿಸಲಾಗದೆ ಚಿಕ್ಕೀರಪ್ಪನೂ ಹೊರಟ.

ಆ ಹಳ್ಳಿ ಮುಟ್ಟಿದ ಮೇಲೂ ಅವನ ಮನಸ್ಸು ನೆಲೆ ನಿಲ್ಲಲಿಲ್ಲ. ಮೇಳದ ಡೇರೆಯಲ್ಲಿ ಮಗ್ಗದ ಮುಂದೆ ಕೂತರೆ ಕೈ ಸಲೀಸಾಗಿ ಓಡುತ್ತಿತ್ತು. ಎದ್ದರೆ ನೇರ ಕೋಣೆಗೆ ಹೋಗಿ, ಮನೆಯಿಂದ ತಂದ ಸಜ್ಜೆ ರೊಟ್ಟಿಗೆ ಶೇಂಗಾ ಪುಡಿ ಹಚ್ಚಿಕೊಂಡು ತಿಂದು, ಕಂಬಳಿ ಹೊದ್ದು ಮಲಗುತ್ತಿದ್ದ. ದೊಡ್ಡಕ್ಕ ಮಾತ್ರ ಕಿಟಕಿಯಲ್ಲಿ ನಿಂತು ಹೊರಗೆ ನೋಡುತ್ತಿದ್ದಳು. ಒತ್ತೊತ್ತಾಗಿ ನಿಂತ ಕಲ್ಲಿನ ಮನೆಗಳು, ಇಳಿಜಾರಿನ ಕೊನೆಯಲ್ಲಿ ಹೊಳೆ, ಆಚೆ ದಡದ ಮರಗಳ ಮೇಲೆ ತಲೆ ಎತ್ತಿದ ಚರ್ಚಿನ ಗೋಪುರ. ಎಲ್ಲವೂ ಒಂದೇ ಬಣ್ಣದ ಕಲ್ಲು, ಹಳೆಯ ಬೆಲ್ಲದ ಬಣ್ಣ.

ಅವಳಿಗೆ ಜೊತೆಯಾದವಳು ದುಭಾಷಿ ವನಜಾಕ್ಷಿ. ಗೋದಾವರಿ ನದಿ ಸಮುದ್ರ ಸೇರುವ ಕಡೆಯ ಯಾನಾಂ ಊರಿನವಳು. ಒಂದು ಕಾಲಕ್ಕೆ ಫ್ರೆಂಚರ ಕೈಯಲ್ಲಿದ್ದ ಊರದು. ಮದುವೆಯಾಗಿ ಫ್ರಾನ್ಸಿಗೆ ಬಂದು ನೆಲೆಸಿದ್ದಳು. ಅವಳಿಗೆ ಕನ್ನಡ ಬರದು. ಆದರೆ ಆಂಧ್ರದ ಗಡಿಯಲ್ಲೇ ಬೆಳೆದ ದೊಡ್ಡಕ್ಕನಿಗೆ ತೆಲುಗು ಮನೆಯ ಮಾತಿನಷ್ಟೇ ಸುಲಭ. ಹಾಗಾಗಿ ಇಬ್ಬರೂ ತೆಲುಗಿನಲ್ಲೇ ಹರಟುತ್ತಿದ್ದರು.

ಒಂದು ಮಧ್ಯಾಹ್ನ ಮೇಳಕ್ಕೆ ಬಿಡುವಿತ್ತು. ಒದೆತ್ ಎಂಬ ಮುದುಕಿ ಡೇರೆಗೆ ಬಂದಳು. ಎಪ್ಪತ್ತು ದಾಟಿದ ಕುರಿಗಾರ್ತಿ, ಗಂಡಸರ ಬೂಟು, ಕೈಯಲ್ಲೊಂದು ಕೋಲು. ದಿನವೂ ಬಂದು ದೊಡ್ಡಕ್ಕ ನೂಲು ತೆಗೆಯುವುದನ್ನು ಮಾತಿಲ್ಲದೆ ನೋಡಿ ಹೋಗುತ್ತಿದ್ದವಳು, ಅಂದು ವನಜಾಕ್ಷಿಯ ಹತ್ತಿರ ಏನೋ ಹೇಳಿದಳು.

“ಅವರ ಕುರಿ ಹೊಳೆ ಆಚೆ ಮೇಯ್ತಾ ಅವೆಯಂತೆ. ಹೊಡ್ಕೊಂಡು ಬರೋಕೆ ಹೊರಟಾರೆ. ಬರ್ತೀಯಾ ಅಕ್ಕಾ ಅಂತ ಕೇಳ್ತಾರೆ,” ಎಂದಳು ವನಜಾಕ್ಷಿ.

ದೊಡ್ಡಕ್ಕ ಗಂಡನ ಕಡೆ ನೋಡಿದಳು.

“ನೀನು ಹೋಗು. ನಂಗೆ ಇಲ್ಲಿಯ ಗಾಳಿ ಒಗ್ಗಲ್ಲ,” ಎಂದು ಚಿಕ್ಕೀರಪ್ಪ ಕೋಣೆಯ ದಾರಿ ಹಿಡಿದ.

ಹೊಳೆಯ ಪಕ್ಕದ ಕಾಲುದಾರಿ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ. ಒಂದು ಕಡೆ ನೀರು, ಇನ್ನೊಂದು ಕಡೆ ಪಾಚಿ ಹಿಡಿದ ಕಲ್ಲಿನ ಪೌಳಿ. ನೀರು ತಳದ ಬೆಣಚುಕಲ್ಲು ಲೆಕ್ಕ ಹಾಕುವಷ್ಟು ತಿಳಿಯಾಗಿತ್ತು. ಮರಳು ತೋಡಿ ಒರತೆಯಲ್ಲಿ ನೀರು ತುಂಬಿಕೊಂಡು ಬೆಳೆದ ದೊಡ್ಡಕ್ಕನಿಗೆ, ಹೀಗೆ ಯಾರಿಗೂ ಬೇಡವೆಂಬಂತೆ ಹರಿದು ಹೋಗುವ ನೀರನ್ನು ಎಷ್ಟು ನೋಡಿದರೂ ಸಾಲದು.

ತಿರುವು ದಾಟಿದಾಗ ಸೇತುವೆ ಕಂಡಿತು. ಮೂರು ಕಮಾನು, ನಡುವೆ ಗೂನು ಬೆನ್ನಿನ ಹಾಗೆ ಎದ್ದು ಎರಡೂ ಕಡೆ ಇಳಿದ ಕಲ್ಲಿನ ಸೇತುವೆ. ಏಳುನೂರು ವರ್ಷ ಹಳೆಯದಂತೆ. ಗಾರೆ ಸವೆದು ಸಂದಿಗಳಲ್ಲಿ ಸಣ್ಣ ಹಳದಿ ಹೂ ಅರಳಿದ್ದವು. ಕಂಬದ ಬುಡದಲ್ಲಿ ನೀರು ಬರುವ ಕಡೆಗೆ ಚೂಪಾದ ಕಲ್ಲಿನ ಮೂಗು ಕಟ್ಟಿದ್ದರು. ಹೊಳೆ ಬಂದು ಅದಕ್ಕೆ ತಾಗಿ, ಬೈತಲೆ ತೆಗೆದ ಹಾಗೆ ಎರಡಾಗಿ ಸರಿದು ಹೋಗುತ್ತಿತ್ತು.

“ಎಷ್ಟು ತಲೆ ಓಡಿಸವ್ರೆ ನೋಡು,” ಎಂದಳು ದೊಡ್ಡಕ್ಕ. “ಅಡ್ಡ ನಿಂತ್ಕೊಂಡಿಲ್ಲ, ನೀರಿಗೆ ದಾರಿ ತೋರಿಸೈತೆ.”

ಅದೇ ಮೂಗು ಮೇಲಕ್ಕೆದ್ದು, ಸೇತುವೆಯ ಅಂಚುಗೋಡೆಯಲ್ಲಿ ಮೂಲೆಯಂಥ ಒಂದು ಗೂಡಾಗಿತ್ತು. ಒದೆತ್ ಅದರೊಳಗೆ ನಿಂತು ತೋರಿಸಿದಳು. ಸೇತುವೆ ಕಿರಿದು, ಕುರಿಮಂದೆ ಬಂದರೆ ಎದುರಿಗೆ ಬಂದ ಮನುಷ್ಯ ಇಲ್ಲಿ ಸರಿದು ನಿಲ್ಲಬೇಕು. ಕುರಿ ಹೋದ ಮೇಲೆ ಅವನ ಪಾಳಿ.

ಕುರಿ ದಾಟಲೆಂದು ಜಾಗ ಬಿಟ್ಟು ಕಟ್ಟಿದ ಸೇತುವೆಯನ್ನು ದೊಡ್ಡಕ್ಕ ಜೀವಮಾನದಲ್ಲಿ ಕಂಡಿರಲಿಲ್ಲ. ಚಳ್ಳಕೆರೆ ರಸ್ತೆಯಲ್ಲಿ ಮಂದೆ ಅಡ್ಡ ಬಂದರೆ ಬಸ್ಸಿನವರು ಹಾರನ್ನು ಒತ್ತಿ ಬೈದೇ ಮುಂದೆ ಹೋಗುತ್ತಿದ್ದರು. ಅವಳು ಗೂಡಿನ ಕಲ್ಲನ್ನು ಅಂಗೈಯಿಂದ ಸವರಿದಳು. ಎಷ್ಟು ಜನರ ಬೆನ್ನು ಒರಗಿತ್ತೋ, ಕಲ್ಲು ನುಣುಪಾಗಿತ್ತು.

ಆಚೆ ದಡ ಸೇರುವಷ್ಟರಲ್ಲಿ ಮೋಡ ಕವಿಯಿತು. ಕುರಿಗಳನ್ನು ಕೂಡಿಸಿ ಚರ್ಚಿನ ಪೌಳಿಯೊಳಗೆ ತಂದದ್ದೇ ತಡ, ಮಳೆ ಸುರಿಯಿತು. ಒದೆತ್ ಕುರಿಗಳನ್ನು ಮರದಡಿ ಬಿಟ್ಟು ಇಬ್ಬರನ್ನೂ ಒಳಗೆ ಕರೆದಳು. ದೊಡ್ಡಕ್ಕ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

“ಬಿಡಬೇಕಾಗಿಲ್ಲ ಅಕ್ಕಾ, ನೆಲ ತಣ್ಣಗಿರುತ್ತೆ,” ಎಂದಳು ವನಜಾಕ್ಷಿ.

“ತಣ್ಣಗಿರಲಿ. ಯಾರ ದೇವ್ರಾದರೂ ದೇವ್ರೇ.”

ಒಳಗೆ ಕಮಾನುಗಳು ಕತ್ತಲಲ್ಲಿ ಮೇಲೆದ್ದಿದ್ದವು. ಸಣ್ಣ ಕಿಟಕಿಯ ಬಣ್ಣದ ಗಾಜಿನಿಂದ ಬೆಳಕು ಇಳಿದು ಕಲ್ಲಿನ ಮೇಲೆ ಕೆಂಪಗೆ, ನೀಲಿಯಾಗಿ ಬಿದ್ದಿತ್ತು. ಒಂದು ಕಂಬದ ನೆತ್ತಿಯಲ್ಲಿ ಕೆತ್ತಿದ ಮನುಷ್ಯನನ್ನು ನೋಡಿ ದೊಡ್ಡಕ್ಕ ನಿಂತುಬಿಟ್ಟಳು. ಹೆಗಲ ಮೇಲೆ ಮರಿ, ತಲೆಯಿಂದ ಬೆನ್ನಿಗೆ ಇಳಿದ ಕೊಪ್ಪೆ, ಕಂಬಳಿ ಮಡಿಸಿ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಥರದ್ದೇ.

“ನಮ್ಮೋರೇ ಇವರು,” ಎಂದಳು ಮೆಲ್ಲಗೆ.

ಮಳೆ ನಿಂತು ಹೊರಗೆ ಬಂದಾಗ ಹೊಳೆ ಬೇರೆಯಾಗಿತ್ತು. ಮೇಲಿನ ಬೆಟ್ಟದ ನೀರೆಲ್ಲ ಇಳಿದು ಕೆಂಪಗೆ, ಕಮಾನಿನ ಅರ್ಧಕ್ಕೇರಿ, ಕೊಂಬೆ ರೆಂಬೆ ಉರುಳಿಸಿಕೊಂಡು ಬೋರೆಂದು ಹರಿಯುತ್ತಿತ್ತು. ಒದೆತ್ ಏನೂ ಆಗದವಳಂತೆ ಸೇತುವೆಯತ್ತ ಕುರಿ ಹೊಡೆದುಕೊಂಡು ಬಂದಳು. ದೊಡ್ಡಕ್ಕ ಸೇತುವೆಯ ಬಾಯಲ್ಲಿ ಕೂತುಬಿಟ್ಟಳು.

“ನಾನು ಬರಲ್ಲ. ನೀವು ಹೋಗಿ.”

ವನಜಾಕ್ಷಿ ಗಾಬರಿಯಾಗಿ ಪಕ್ಕದಲ್ಲಿ ಕೂತಳು. ಆಗ ದೊಡ್ಡಕ್ಕ, ಗಂಡನ ಮುಂದೂ ಹೆಚ್ಚು ಆಡದ ಮಾತನ್ನು ಹೇಳಿದಳು. ಅವಳಿನ್ನೂ ಲಂಗದ ಹುಡುಗಿ. ಅಣ್ಣ ಪಾತಣ್ಣ ಒಣಗಿದ ವೇದಾವತಿಯ ಮರಳಿನಲ್ಲಿ ಕುರಿ ದಾಟಿಸುತ್ತಿದ್ದ. ತಮ್ಮ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ಎಲ್ಲೋ ಮೇಲೆ ಹುಯ್ದ ಮಳೆಯ ನೀರು ಗೋಡೆಯಂತೆ ಬಂತು. ಅವಳು ದಡದಲ್ಲಿ ನಿಂತು ನೋಡಿದ್ದಳು. ಅಣ್ಣ ಒಮ್ಮೆ ಕೈ ಎತ್ತಿದ್ದ. ಅಷ್ಟೇ. ಅಂದಿನಿಂದ ಹರಿಯುವ ಕೆಂಪು ನೀರು ಕಂಡರೆ ಅವಳು ಅದರ ಹತ್ತಿರ ಸುಳಿಯುವುದಿಲ್ಲ.

ವನಜಾಕ್ಷಿ ಅದನ್ನು ಒದೆತ್‌ಗೆ ಹೇಳಿದಳು. ಮುದುಕಿ ಕುರಿಗಳನ್ನು ನಿಲ್ಲಿಸಿ, ಕೋಲನ್ನು ಗೋಡೆಗೆ ಒರಗಿಸಿ, ದೊಡ್ಡಕ್ಕನ ಕೈ ಹಿಡಿದು ದಾರಿ ಬದಿಯ ಕಲ್ಲೊಂದರ ಹತ್ತಿರ ಕರೆದೊಯ್ದಳು. ಅದರ ಮೇಲೆ ಅಡ್ಡಗೆರೆಗಳು, ಪಕ್ಕದಲ್ಲಿ ಇಸವಿಗಳು. ಪ್ರವಾಹ ಬಂದಾಗಲೆಲ್ಲ ನೀರು ಮುಟ್ಟಿದ ಎತ್ತರ. ಎಲ್ಲಕ್ಕಿಂತ ಮೇಲಿನ ಗೆರೆ ದೊಡ್ಡಕ್ಕನ ತಲೆಗಿಂತ ಎತ್ತರದಲ್ಲಿತ್ತು.

“ಅವತ್ತು ನೀರು ಸೇತುವೆ ಮೇಲೇ ಹರೀತಂತೆ,” ವನಜಾಕ್ಷಿ ತಿಳಿಸಿದಳು. “ಊರೋರೆಲ್ಲ ಸೇತುವೆ ಹೋಯ್ತು ಅಂದ್ಕೊಂಡ್ರಂತೆ. ನೀರು ಇಳಿದ ಮೇಲೆ ನೋಡಿದ್ರೆ ಹಂಗೇ ನಿಂತಿತ್ತಂತೆ.”

“ಯಾರು ಕಟ್ಟಿಸಿದ್ದು?”

ಒದೆತ್ ತಲೆಯಾಡಿಸಿದಳು. ಯಾರಿಗೂ ಗೊತ್ತಿಲ್ಲ.

ದೊಡ್ಡಕ್ಕ ಬಹಳ ಹೊತ್ತು ಆ ಗೆರೆಗಳನ್ನು ನೋಡಿದಳು. ಗೊತ್ತಿಲ್ಲದೆ ಏನು, ಎಂದುಕೊಂಡಳು. ತನ್ನ ಹಾಗೆ ದಡದಲ್ಲಿ ನಿಂತು ಯಾರದೋ ಕೈ ಮುಳುಗುವುದನ್ನು ಕಂಡವರೇ ಕಟ್ಟಿಸಿರಬೇಕು. ಅತ್ತು ಸುಮ್ಮನಾಗದೆ ಕಲ್ಲು ಹೊತ್ತಿರಬೇಕು.

ಸೇತುವೆಯ ಕಡೆ ತಿರುಗಿದಳು. ವನಜಾಕ್ಷಿಯ ಭುಜ ಹಿಡಿದು ಗೂಡಿನವರೆಗೆ ನಡೆದು, ಅದರೊಳಗೆ ಸೇರಿ, ಕಣ್ಣು ಮುಚ್ಚಿ ಎರಡೂ ಅಂಗೈಯನ್ನು ಕಲ್ಲಿಗೆ ಒತ್ತಿದಳು. ಕೆಳಗೆ ಹೊಳೆ ಮೊರೆಯುತ್ತಿತ್ತು. ಕಲ್ಲು ಒಂದಿಷ್ಟೂ ಅದುರುತ್ತಿರಲಿಲ್ಲ. ಹಟ್ಟಿಯ ಬೀರಪ್ಪ ದೇವರ ಗುಡಿಯ ಗೋಡೆಯ ಹಾಗೆ ನಿಂತಿತ್ತು.

ಒದೆತ್ ಕುರಿ ಬಿಟ್ಟಳು. ಗಂಟೆ ಕುಣಿಸುತ್ತ, ಒಂದನ್ನೊಂದು ತಳ್ಳುತ್ತ, ಒದ್ದೆ ಉಣ್ಣೆಯ ವಾಸನೆ ಹರಡುತ್ತ ಮಂದೆ ಅವಳ ಮಂಡಿ ಸವರಿಕೊಂಡು ಹೊರಟಿತು. ಹಟ್ಟಿಯಲ್ಲಿ ಕುರಿ ಕೂಡುವ ರೊಪ್ಪದ ಅದೇ ವಾಸನೆ. ದೊಡ್ಡಕ್ಕ ಕಣ್ಣು ತೆರೆದಳು. ಮಂದೆಯ ನಡುವೆ ಇಳಿದು ಒಂದು ಕುರಿಯ ಬೆನ್ನಿನ ಉಣ್ಣೆಯಲ್ಲಿ ಬೆರಳು ಇಟ್ಟು, ಅದು ನಡೆದಂತೆ ತಾನೂ ನಡೆದಳು. ಗೂನಿನ ನೆತ್ತಿಗೆ ಬಂದಾಗ ನಿಂತು, ಮೊದಲ ಸಲ, ಕೆಂಪು ನೀರನ್ನು ಮೇಲಿನಿಂದ ನೋಡಿದಳು. ಕಲ್ಲಿನ ಮೂಗಿಗೆ ತಾಗಿ ಅದು ಈಗಲೂ ಎರಡಾಗಿಯೇ ಸರಿಯುತ್ತಿತ್ತು.

ಈಚೆ ದಡದಲ್ಲಿ ಕಂಬಳಿ ಕೊಪ್ಪೆ ಹಾಕಿದ ಒಬ್ಬ ಮನುಷ್ಯ ನಿಂತಿದ್ದ. ಚಿಕ್ಕೀರಪ್ಪ. ಮಳೆ ಶುರುವಾದದ್ದೇ ಕೋಣೆ ಬಿಟ್ಟು, ಭಾಷೆ ಗೊತ್ತಿಲ್ಲದ ಊರಿನಲ್ಲಿ ಕೈಸನ್ನೆಯಲ್ಲಿ ದಾರಿ ಕೇಳುತ್ತ, ಮೊಣಕಾಲವರೆಗೂ ಕೆಸರು ಮಾಡಿಕೊಂಡು ಬಂದಿದ್ದ.

“ಹೊಳೆ ನೋಡಿ ನಿನಗೇನಾಯ್ತೋ ಅಂತ ಬಂದೆ,” ಎಂದ.

“ಏನೂ ಆಗ್ಲಿಲ್ಲ. ದಾಟಿ ಬಂದೆ.”

ಅವನು ಕಂಬಳಿ ತೆಗೆದು ಅವಳಿಗೆ ಹೊದಿಸಿದ.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಮೇಳ ಶುರುವಾಗುವ ಮೊದಲೇ ದೊಡ್ಡಕ್ಕ ಗಂಡನನ್ನು ಹೊರಡಿಸಿದಳು. ಅವನು ಸೇತುವೆಯ ಗೂಡಿನಲ್ಲಿ ನಿಂತು ನೋಡಿದ, ಕಮಾನನ್ನು ಬಗ್ಗಿ ನೋಡಿದ. ಚರ್ಚಿನಲ್ಲಿ ಕಂಬದ ಕೆಳಗೆ ಕತ್ತೆತ್ತಿ ನಿಂತು ಆ ಕುರಿಗಾರನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

“ಮರಿ ಹಿಡಿದಿರೋದು ಸರಿಯಾಗೈತೆ,” ಎಂದ ಕೊನೆಗೆ. “ಕೆತ್ತಿದೋನು ಕುರಿ ಹಿಂದೆ ಅಡ್ಡಾಡಿದೋನೇ ಇರ್ಬೇಕು.”

ಹೊರಗೆ ಬಂದಾಗ ದೊಡ್ಡಕ್ಕ ಊರಿನ ಕಡೆ ತಿರುಗಿದಳು. ಚಿಕ್ಕೀರಪ್ಪ ತಿರುಗಲಿಲ್ಲ. ಹೊಳೆಯ ಪಕ್ಕದ ಕಾಲುದಾರಿ ಈ ದಡದಲ್ಲೂ ಮರಗಳ ನಡುವೆ ಮುಂದಕ್ಕೆ ಹೋಗಿತ್ತು.

“ಆ ಕಡೆ ಏನೈತೆ?” ಎಂದು ಕೇಳಿದ.

“ಇನ್ನೊಂದು ಊರಂತೆ. ಅಲ್ಲೂ ಒಂದು ಸೇತುವೆ ಐತಂತೆ.”

“ಮೇಳಕ್ಕೆ ಇನ್ನೂ ಹೊತ್ತೈತಲ್ಲ,” ಎಂದು ಅವನೇ ಮುಂದೆ ನಡೆದ.