ಮಗ್ಗದ ಗುಂಡಿಯ ಕಂಬಳಿ

ಮಗ್ಗ ಬಿಚ್ಚಿ ಒಯ್ಯಲು ನೇಕಾರನ ಹೆಂಡತಿಯ ತಮ್ಮ ಬಂದು ಕೂತಾಗಿತ್ತು. ಗಾಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ನೇಕಾರ ಮಾತ್ರ ಇನ್ನೂ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಮಡಿಸಿದ ಕಂಬಳಿಯ ಮೇಲೆ ಕೂತು, ಹಾಸುನೂಲಿನಲ್ಲಿ ಉಳಿದಿದ್ದ ಕೊನೆಯ ಗೇಣನ್ನು ನೇಯುತ್ತಿದ್ದ. ನಾಲ್ಕು ಸಲ ಲಾಳಿ ಎಸೆದರೆ ಒಂದು ಸಲ ನಿಲ್ಲಬೇಕು. ಎದೆಯೊಳಗೆ ಸೀಳು ಬಿದ್ದ ಕೊಳಲಿನಂಥ ಸದ್ದು.

"ಸಾಕು ಬಿಡಿ ಭಾವ. ಮಗ್ಗಕ್ಕಿಂತ ನಿಮ್ಮ ಎದೆಯೇ ಜೋರಾಗಿ ಸದ್ದು ಮಾಡ್ತಿದೆ."

"ಅರ್ಧಕ್ಕೆ ಕತ್ತರಿಸೋಕೆ ಇದೇನು ಹಗ್ಗವಾ?"

ನೂಲಿನ ಧೂಳೇ ತನ್ನ ಉಸಿರು ಹಿಡಿಯುತ್ತಿದೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಡಾಕ್ಟರು ಮುಂಗೈ ಮೇಲೆ ಹತ್ತಿಯದೊಂದು, ಬೆಕ್ಕಿನದೊಂದು ಹನಿ ಹಾಕಿ ಸಣ್ಣಗೆ ಚುಚ್ಚಿ ಪರೀಕ್ಷೆ ಮಾಡಿದಾಗ ಹತ್ತಿಯ ಜಾಗ ಸುಮ್ಮನಿತ್ತು, ಬೆಕ್ಕಿನ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತ್ತು. ಇಲಿ ನೂಲು ಕಡಿಯದಿರಲೆಂದು ಸಾಕಿದ್ದ ಬೆಕ್ಕನ್ನು ಅಂದೇ ಇದೇ ಭಾವಮೈದನ ಮನೆಗೆ ಸಾಗಿಸಿದ್ದಾಯಿತು. ಅದು ಬಿತ್ತನೆ ಕಾಲದ ಮಾತು. ಈಗ ಪೈರು ಮೊಣಕಾಲುದ್ದ ಬಂದಿದೆ, ಗೂರಲು ಮಾತ್ರ ಇಳಿದಿಲ್ಲ. ಬೆಕ್ಕಿಲ್ಲದ ಮನೆಗೆ ಬೆಕ್ಕಿನ ರೋಗ ಎಲ್ಲಿಂದ ಬರಬೇಕು? ಹಾಗಾದರೆ ಮಗ್ಗವೇ ಹೋಗಲಿ ಎಂದಿದ್ದ. ಅವನಿಗೆ ಗೊತ್ತಿದ್ದದ್ದು ನೇಯ್ಗೆಯೊಂದೇ ಕೆಲಸ. ಇನ್ನು ಯಾರದೋ ಅಂಗಡಿ ಕಾಯಬೇಕು.

ದವಾಖಾನೆಗೆ ಹೋಗಿದ್ದ ಹೆಂಡತಿ ಓಡುತ್ತಲೇ ಬಂದಳು. ಚಪ್ಪಲಿ ಕಳಚುವ ಮೊದಲೇ "ಮೇಲೇಳಿ" ಎಂದಳು.

"ಯಾಕೆ?"

"ಬೆಕ್ಕಿನ ಕೂದಲಲ್ಲವಂತೆ ಕಾರಣ, ಎಂಜಲಂತೆ. ದಿನವಿಡೀ ಮೈ ನೆಕ್ಕಿಕೊಳ್ಳುತ್ತಲ್ಲ, ಅದು ಒಣಗಿ, ಚರ್ಮದ ಹೊಟ್ಟಿನ ಜೊತೆ ಹಿಟ್ಟಿಗಿಂತ ಸಣ್ಣಗೆ ಉದುರುತ್ತಂತೆ. ಬೆಕ್ಕು ಹೋದ್ರೂ ಬಟ್ಟೇಲಿ ತಿಂಗಳುಗಟ್ಟಲೆ ಕೂತಿರುತ್ತಂತೆ. ನಿಮ್ಮ ಮೈ ಅದನ್ನ ಶತ್ರು ಅಂದ್ಕೊಂಡು ಕಾದಾಡುತ್ತೆ. ಬೆಕ್ಕು ಎಲ್ಲಿ ಮಲಗ್ತಿತ್ತು ಅಂತ ಕೇಳಿದ್ರು ಡಾಕ್ಟರು."

ಇಬ್ಬರ ಕಣ್ಣೂ ಒಟ್ಟಿಗೆ ಕೆಳಗಿಳಿದವು.

"ಇದು ನಮ್ಮಪ್ಪ ಕೂತ ಕಂಬಳಿ" ಎಂದ.

"ಮಾವ ಕೂತದ್ದು ನಿಜ. ಬೆಕ್ಕು ಮರಿ ಹಾಕಿದ್ದೂ ಇದರ ಮೇಲೇ."

ಅವನು ಪೂರ್ತಿ ಏಳುವ ಮೊದಲೇ ಅವಳು ಅಂಚು ಹಿಡಿದು ಎಳೆದಳು. ಮಡಿಕೆಗಳು ಬಿಚ್ಚಿಕೊಂಡವು. ಕಿಟಕಿಯ ಬಿಸಿಲಿನಲ್ಲಿ ಏನೋ ಎದ್ದು ತೇಲಿತು. ನೇಕಾರ ಸೀನಿದ, ಮತ್ತೆ ಸೀನಿದ. ಆಮೇಲೆ ಸೀನೂ ಇಲ್ಲ, ಉಸಿರೂ ಇಲ್ಲ. ಗುಂಡಿಯ ಅಂಚು ಹಿಡಿದು ಬಾಯಿ ತೆರೆದ. ತುಟಿ ಕಪ್ಪಿಟ್ಟಿತು.

ಹೆಂಡತಿಯ ತಮ್ಮ ಓಡಿ ಬಂದು ಭಾವನ ರಟ್ಟೆಗೆ ಕೈ ಹಾಕಹೋದ.

"ಮುಟ್ಟಬೇಡ!" ಅಕ್ಕ ಕೂಗಿದಳು. "ಬೆಕ್ಕನ್ನ ಪಕ್ಕದಲ್ಲಿ ಹಾಕ್ಕೊಂಡು ಮಲಗೋನು ನೀನು. ನಿನ್ನ ಅಂಗಿ ತುಂಬ ಅದೇ! ಕಂಬಳಿ ತಗೊಂಡು ಹೊರಗೆ ನಡಿ!"

ಅವಳೊಬ್ಬಳೇ ಗಂಡನನ್ನು ಹಿತ್ತಿಲಿಗೆ ಎಳೆದು ತಂದಳು. ಅವನ ಜೇಬಿನಲ್ಲಿದ್ದ ಉಸಿರಿನ ಪಂಪು ಬಾಯಿಗಿಟ್ಟು ಒತ್ತಿದಳು. "ಎಳ್ಕೊಳ್ಳಿ. ಎಳ್ಕೊಳ್ಳಿ ಅಂದೆ." ಮೊದಲ ಸಲ ಏನೂ ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ. ಎಲ್ಲೋ ಒಂದು ಕಿಂಡಿ ತೆರೆದ ಹಾಗೆ ಸಣ್ಣ ಸಿಳ್ಳೆ ಬಂತು.

ಬೇಲಿಯಾಚೆ ತಮ್ಮ ಕಂಬಳಿ ಹಿಡಿದು ನಿಂತೇ ಇದ್ದ. "ಗಾಡಿಗೆ ಏನು ಹೇರಲಿ, ಅಕ್ಕಾ?"

"ಕೈಯಲ್ಲಿರೋದನ್ನೇ ಹೇರು."

ಬಹಳ ಹೊತ್ತಿನ ಮೇಲೆ ನೇಕಾರನಿಗೆ ಮಾತು ಬಂತು. "ಅದು... ಹೇಗಿದೆ?"

"ಬೆಕ್ಕಾ?" ಎಂದ ಭಾವಮೈದ ಬೇಲಿಯಾಚೆಯಿಂದ. "ಇಲಿ ಕಂಡ್ರೆ ಮುಖ ತಿರುಗಿಸುತ್ತೆ, ಹಾಲು ಕಂಡ್ರೆ ಕಾಲು ಸುತ್ತುತ್ತೆ."

"ನನ್ನ ಹತ್ರ ಇದ್ದಾಗ ಹಾಗಿರ್ಲಿಲ್ಲ" ಎಂದು ಅವನು ಮುಖ ಆಚೆ ಮಾಡಿದ.

ಹೆಂಡತಿ ಗುಂಡಿ, ಗೋಡೆ, ಹಲಗೆಗಳನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೆಲವು ದಿನ ಬಿಟ್ಟು ಅವನು ಬರಿ ಹಲಗೆಯ ಮೇಲೆ ಕೂತ. ಹಲಗೆ ಗಟ್ಟಿಯಾಗಿತ್ತು, ತಣ್ಣಗಿತ್ತು. ಲಾಳಿ ಎಸೆದ. ನಾಲ್ಕನೆಯ ಸಲಕ್ಕೆ ರೂಢಿಯಂತೆ ಕೈ ನಿಂತಿತು. ಬಾಗಿಲಲ್ಲಿ ಹೆಂಡತಿಯೂ ನಿಂತಳು. ಇಬ್ಬರೂ ಅವನ ಎದೆಗೆ ಕಿವಿಗೊಟ್ಟರು.

ಐದನೆಯ ಸಲ ಎಸೆದ.