ನೀರಿನ ಕಾವಲು

ಬೆಳಿಗ್ಗೆ ಬಾಗಿಲಲ್ಲಿ ಸಹಿ ಹಾಕಿ ಒಳಗೆ ಹೋದರೆ ಸಂಜೆ ಸಹಿ ಹಾಕಿಯೇ ಹೊರಗೆ ಬರಬೇಕು. ನಡುವೆ ಎದ್ದು ಹೋದರೆ ಬಂದದ್ದೂ ಬಾರದ ಲೆಕ್ಕ. ಸ್ಪೀಚ್ ಥೆರಪಿಸ್ಟರು, ಫಿಸಿಯೋಗಳು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಆಗಾಗ ಹೀಗೆ ಮತ್ತೆ ಶಾಲೆಮಕ್ಕಳಾಗಿ ಕೂರಲೇಬೇಕು. ನಮ್ಮ ಕಥೆಯ ಸ್ಪೀಚ್ ಥೆರಪಿಸ್ಟ್‌ಗೆ ಈ ತರಬೇತಿಗಳೆಂದರೆ ಮೈಯುರಿ. ಗಂಟಲು ಕೈಕೊಟ್ಟ ರೋಗಿಗಳಿಗೆ ನುಂಗುವುದನ್ನು ಕಲಿಸುತ್ತಲೇ ಅವಳ ತಲೆ ನರೆತಿತ್ತು. ಇನ್ನು ನನಗೆ ಇವರೇನು ಕಲಿಸಿಯಾರು ಎಂದು ಗೊಣಗಿಕೊಂಡೇ ಕಿಟಕಿಯಿಲ್ಲದ ಆ ಹಾಲಿನ ಕೊನೆಯ ಸಾಲಿನಲ್ಲಿ ಕುಳಿತಳು.

ಮನಸ್ಸೆಲ್ಲ ಮನೆಯಲ್ಲಿತ್ತು. ಅಮ್ಮನಿಗೆ ಲಕ್ವ ಹೊಡೆದು ಆರೇಳು ತಿಂಗಳಾಗಿತ್ತು. ಮಾತು ತೊದಲು, ನುಂಗುವುದು ನಿಧಾನ. ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆದೀತೆಂದು ಮಗಳೇ ಕಟ್ಟಪ್ಪಣೆ ಮಾಡಿದ್ದಳು: ಬರೀ ನೀರು ಬಂದ್. ಪುಡಿ ಕಲಸಿ ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ಕೊಡಬೇಕು, ಅಷ್ಟೇ. ಹೋದ ವಾರ ಅಮ್ಮ ಗೋಡೆ ಹಿಡಿದುಕೊಂಡು ಹೋಗಿ ಹೂದಾನಿಯ ನೀರು ಕುಡಿದಿದ್ದಳು. ಹೂ ಕೊಳೆತು ನಾರುತ್ತಿದ್ದ ನೀರು. ಮಗಳು ಹೂದಾನಿ ಎತ್ತಿಟ್ಟು, ಅಡುಗೆಮನೆಗೂ ಬಚ್ಚಲಿಗೂ ಹೊರಗಿನಿಂದ ಅಮ್ಮನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ, "ಚಿಕ್ಕ ಮಕ್ಕಳ ಥರ ಆಡ್ತೀಯಲ್ಲಮ್ಮ!" ಎಂದು ಗದರಿದ್ದಳು. ಅಂದಿನಿಂದ ಅಮ್ಮ ಅವಳ ಜೊತೆ ಆಡುತ್ತಿದ್ದ ನಾಲ್ಕು ತೊದಲು ಮಾತನ್ನೂ ಬಿಟ್ಟಿದ್ದಳು.

ತರಬೇತಿ ಕೊಡುವ ಹಿರಿಯ ಹೆಂಗಸು ಪರದೆ, ಪಾಠ ಏನೂ ಇಲ್ಲದೆ ನೇರವಾಗಿ ವಿಷಯಕ್ಕೆ ಬಂದರು. "ಇಬ್ಬಿಬ್ಬರು ಜೋಡಿಯಾಗಿ. ಒಬ್ರು ರೋಗಿ, ಒಬ್ರು ಕಾವಲು. ರೋಗಿಗೆ ಸಂಜೆ ತನಕ ಗಟ್ಟಿ ನೀರು ಬಿಟ್ರೆ ಬೇರೇನೂ ಕುಡಿಯೋಕಿಲ್ಲ. ಕಾವಲಿನವ್ರಿಗೂ ಅಷ್ಟೇ. ದಿನಾ ಬೇರೆಯವ್ರಿಗೆ ಕೊಡ್ತೀರಲ್ಲ, ಇವತ್ತು ನೀವೇ ಕುಡೀರಿ."

ನಮ್ಮವಳು ರೋಗಿಯಾದಳು. ಕಾವಲಿಗೆ ಸಿಕ್ಕವನು ಒಬ್ಬ ಫಿಸಿಯೋ. ಅವನ ಭುಜ ನೋಡಿದ ತಕ್ಷಣ ಅವಳು ಮನಸ್ಸಿನಲ್ಲೇ ಪೈಲ್ವಾನ್ ಎಂದು ಹೆಸರಿಟ್ಟಳು. ಒಳ್ಳೆಯವನೇ, ಆದರೆ ಅತಿ ಒಳ್ಳೆಯವನು. "ಗಲ್ಲ ಎದೆಗೆ ತಾಗ್ಲಿ ಮೇಡಂ. ನುಂಗಿ. ಇನ್ನೊಂದ್ಸಲ ನುಂಗಿ. ಶಭಾಷ್! ಎಲ್ಲಿ, ಈಗ 'ಆ' ಅನ್ನಿ, ಗಂಟಲಲ್ಲಿ ಗೊರಗೊರ ಇದೆಯಾ ಕೇಳೋಣ." ಮಾತೂ ಅವಳದೇ, ರಾಗವೂ ಅವಳದೇ. ಇಷ್ಟು ವರ್ಷ ತನ್ನ ಮಾತು ರೋಗಿಗಳಿಗೆ ಹೀಗೆಯೇ ಕೇಳಿಸುತ್ತಿತ್ತೇ ಎಂದು ಅವಳಿಗೆ ಸಿಡಿಮಿಡಿಯಾಯಿತು.

ಆ ನೀರಿಗೆ ರುಚಿಯಿಲ್ಲ, ವಾಸನೆಯಿಲ್ಲ. ಲೋಳೆಯ ಹಾಗೆ ನಾಲಿಗೆಗೆ ಅಂಟಿ, ಗಂಟಲಲ್ಲಿ ಮೆಲ್ಲಗೆ ಜಾರುತ್ತದೆ. ಕುಡಿದಷ್ಟೂ ಬಾಯಾರಿಕೆ. ಊಟದ ಹೊತ್ತಿಗೆ ತುಟಿ ಒಣಗಿ, ತಲೆ ಧಿಮ್ಮೆನ್ನುತ್ತಿತ್ತು.

"ಸಾಕಪ್ಪ, ಒಂದು ಗುಟುಕು ನೀರು ಕೊಡು," ಎಂದಳು.

"ಇದೂ ನೀರೇ ಅಲ್ವಾ ಮೇಡಂ?" ಎಂದ ಪೈಲ್ವಾನ್.

ಅಮ್ಮ ಕೇಳಿದಾಗಲೆಲ್ಲ ಅವಳು ಕೊಟ್ಟ ಉತ್ತರ ಅಕ್ಷರಶಃ ಇದೇ ಆಗಿತ್ತು. ಅವಳು ಕೈ ತೊಳೆಯುವ ನೆಪ ಹೇಳಿ ಎದ್ದಳು. ಶೌಚಾಲಯದ ಬಾಗಿಲು ತೆಗೆದರೆ ಏನು ನೋಡುವುದು! ಸಾಲಾಗಿದ್ದ ನಲ್ಲಿಗಳಿಗೆಲ್ಲ ಒಬ್ಬೊಬ್ಬ ಹೆಂಗಸು ಬೊಗಸೆಯೊಡ್ಡಿ ಬಗ್ಗಿದ್ದಾಳೆ. ರೋಗಿಗಳಷ್ಟೇ ಅಲ್ಲ, ಕಾವಲಿನವರೂ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವಳೂ ಬೊಗಸೆ ತುಂಬಿ ಕುಡಿದಳು. ನೀರು ಕುತ್ತಿಗೆಗೆ ಹರಿದು ರವಿಕೆ ನೆನೆಯಿತು. ಹೂದಾನಿ ಹಿಡಿದು ನಿಂತಿದ್ದ ಅಮ್ಮನ ಎದೆಯ ಮೇಲೂ ಸೀರೆ ಹೀಗೆಯೇ ನೆನೆದಿತ್ತು. ಅವಳಿಗೆ ಅಲ್ಲೇ ಅಳು ಬಂತು.

"ಕೈ ತೊಳೆಯೋಕೆ ಹೋದೋರೆಲ್ಲ ಬಂದ್ರಾ?" ಎಂದರು ಹಿರಿಯ ಹೆಂಗಸು, ನಗದೆ. ಆಮೇಲೆ ವಿವರಿಸಿದರು. ಎಲ್ಲರಿಗೂ ಆಗದು, ಆದರೆ ಕೆಲವು ರೋಗಿಗಳಿಗೆ, ಡಾಕ್ಟರು ಒಪ್ಪಿದರೆ, ಬಾಯಿ ಚೆನ್ನಾಗಿ ತೊಳೆಸಿ, ನೆಟ್ಟಗೆ ಕೂರಿಸಿ, ಊಟದ ಹೊತ್ತು ಬಿಟ್ಟು ಬರೀ ನೀರನ್ನು ಗುಟುಕು ಗುಟುಕಾಗಿ ಕೊಡಬಹುದು. "ಕೆಮ್ಮಿದ್ರೆ ಗಾಬರಿ ಬೇಡ, ತಪ್ಪಿ ಇಳಿದ ನೀರನ್ನ ಕೆಮ್ಮೇ ಆಚೆ ಹಾಕತ್ತೆ. ಕೆಮ್ಮದೇ ಕೂತ್ರೆ ಹೆದರಿ."

ಇದೇನು ಅವಳಿಗೆ ಗೊತ್ತಿಲ್ಲದ್ದಲ್ಲ. ಆಸ್ಪತ್ರೆಯಲ್ಲಿ ಒಬ್ಬಿಬ್ಬರ ಅಮ್ಮಂದಿರಿಗೆ ತಾನೇ ಹೀಗೆ ನೀರು ಕೊಡಿಸಿದ್ದಳು. ಸ್ವಂತ ಅಮ್ಮನ ಸರದಿ ಬಂದಾಗ ಮಾತ್ರ ಕಲಿತದ್ದೆಲ್ಲ ಮರೆತು ಭಯವೊಂದೇ ಉಳಿದಿತ್ತು. ಊಟದ ತಟ್ಟೆಯನ್ನು ಹಾಗೇ ಬಿಟ್ಟು, ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ತಮ್ಮನಿಗೆ ಫೋನ್ ಮಾಡಿದಳು.

"ಅಮ್ಮಂಗೆ ನೀರು ಕೊಡೋ."

"ಅಕ್ಕಾ, ತಲೆ ನೆಟ್ಟಗಿದೆಯಾ? ಒಂದು ಹನಿ ಕೊಟ್ರೂ ಅಮ್ಮನ್ನ ನೀನೇ ಸಾಯಿಸ್ದಂಗೆ ಅಂತ ಅಂದಿದ್ದು ಯಾರು? ನಾಳೆ ಏನಾದ್ರೂ ಆದ್ರೆ?"

"ನಾನು ನೋಡ್ಕೋತೀನಿ."

"ಹಂಗಾದ್ರೆ ನೀನೇ ಬಂದು ಕೊಡು. ನನ್ ಕೈಲಿ ಆಗಲ್ಲ," ಎಂದು ತಮ್ಮ ಫೋನ್ ಇಟ್ಟುಬಿಟ್ಟ.

ಅವನದೇನು ತಪ್ಪು? ಅವಳು ತುಂಬಿದ ಹೆದರಿಕೆಯೇ ಅವನ ಬಾಯಲ್ಲಿ ಮಾತಾಡಿತ್ತು. ಎದ್ದು ಹೋಗೋಣವೆಂದರೆ ತಿಂಗಳ ಕೊನೆಗೆ ಲೈಸೆನ್ಸ್ ಮುಗಿಯುತ್ತದೆ, ಆಮೇಲೆ ಒಬ್ಬ ರೋಗಿಯನ್ನೂ ಮುಟ್ಟುವಂತಿಲ್ಲ. ಕೂರೋಣವೆಂದರೆ ಮನೆಯಲ್ಲಿ ಅಮ್ಮ ಮುಚ್ಚಿದ ಬಾಗಿಲು ನೋಡುತ್ತಾ ಕುಳಿತಿದ್ದಾಳೆ. ಅತ್ತ ದರಿ, ಇತ್ತ ಪುಲಿ. ಅವಳು ಕುಳಿತಳು. ಸಂಜೆಯವರೆಗೆ ಪೈಲ್ವಾನ್ ನುಂಗಿಸಿದ್ದನ್ನೆಲ್ಲ ನುಂಗಿದಳು.

ಬಿಡುಗಡೆಯ ಸಹಿ ಹಾಕಿ ಹೊರಬಿದ್ದವಳೇ ಅಮ್ಮನ ಡಾಕ್ಟರಿಗೆ ಫೋನ್ ಮಾಡಿದಳು. "ಶ್ವಾಸಕೋಶ ಚೆನ್ನಾಗಿದೆ, ಕೊಟ್ಟು ನೋಡಿ ಅಂತ ಆಗ್ಲೇ ಹೇಳಿದ್ನಲ್ಲ? ಬೇಡ ಅಂತ ಹಟ ಹಿಡಿದೋರು ನೀವು," ಎಂದರು ಅವರು.

ಮನೆಗೆ ಬಂದು ಚಿಲಕಗಳನ್ನು ತೆಗೆದಳು. ಅಮ್ಮನ ಹಲ್ಲುಜ್ಜಿಸಿ, ನಾಲಿಗೆ ಒರೆಸಿ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಲೋಟದಲ್ಲಿ ಬರೀ ನೀರು ತಂದಳು. ತಮ್ಮ ಬಾಗಿಲಿಗೊರಗಿ ಉಗುರು ಕಚ್ಚುತ್ತಿದ್ದ. ಅಮ್ಮ ಲೋಟದೊಳಗೆ ಇಣುಕಿದಳು, ಮಗಳ ಮುಖ ನೋಡಿದಳು. ವಾರದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಪ... ಪರೀಕ್ಷೆನಾ?"

"ಇಲ್ಲಮ್ಮ. ನೀರು. ಕುಡಿ."

ಅಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಇನ್ನೊಂದು ಗುಟುಕು. ಆಮೇಲೆ ಸುಮ್ಮನಾದಳು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ತುಂಬಿತು, ಎದೆ ಒಳಗೊಳಗೇ ಎಗರಿತು. ಆದರೆ ತುಟಿ ಬಿಗಿದೇ ಇತ್ತು. ಅವಳು ಕೆಮ್ಮನ್ನು ಅದುಮಿ ಹಿಡಿದಿದ್ದಳು. ಬರೀ ನೀರು ಬಂದ್ ಆಗುವ ಮೊದಲು, ಕೆಮ್ಮಿದಾಗಲೆಲ್ಲ ಮಗಳು ಲೋಟ ಕಿತ್ತುಕೊಂಡು ಕಲಿಸಿದ ಪಾಠ ಅದು.

"ಕೆಮ್ಮಮ್ಮ," ಎಂದಳು ಮಗಳು. "ನಿನ್ ದಮ್ಮಯ್ಯ, ಕೆಮ್ಮಿಬಿಡು. ಕಿತ್ಕೊಳ್ಳಲ್ಲ."

ಅಮ್ಮ ನಂಬಲಿಲ್ಲ. ಅವಳ ಕಣ್ಣು ಮಗಳ ಕೈಗಳ ಮೇಲೇ ಇತ್ತು.

ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆಗ ಅಮ್ಮ ಕೆಮ್ಮಿದಳು, ಮನೆ ತುಂಬುವ ಹಾಗೆ. ಕೆಮ್ಮು ಮುಗಿಸಿ, ಉಸಿರು ಎಳೆದುಕೊಂಡು, ಲೋಟವನ್ನು ಮತ್ತೆ ತುಟಿಗಿಟ್ಟಳು. ಮಗಳು ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.